ಗೋಡೆಯೇರಿದ ಇನ್ಸ್‌ಪೆಕ್ಟರ್

ಇನ್ಸ್‌ಪೆಕ್ಟರ್ ಅಂದರೆ ಪೊಲೀಸಿನವನಲ್ಲ, ಒಂದು ಹೋತ. ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಬೀದಿಗಿಳಿದು ಅಂಗಡಿ ಅಂಗಡಿಗೂ ಮೂತಿ ತೂರಿಸಿ ತಪಾಸಣೆ ಮಾಡುತ್ತಿದ್ದುದರಿಂದ ಆ ಹೆಸರು. ಯಾರದು ಎಂದು ಕೇಳಿದರೆ ಎಲ್ಲರೂ ‘ನಮ್ಮದು’ ಅನ್ನುತ್ತಿದ್ದರು. ಅದಕ್ಕೆ ಪೋಸ್ಟರ್ ಅಂದರೆ ಪ್ರಾಣ. ಅಂಟಿನ ರುಚಿಗೆ ಎಂಥ ಹೀರೋನನ್ನೂ ಗಲ್ಲದಿಂದ ಶುರುಮಾಡಿ ಮೇಯುತ್ತಿತ್ತು. ಅಂಗಡಿಗಳಿಗೆ ಬೋರ್ಡು ಬರೆದುಕೊಡುವವಳು, ಬೀದಿಯ ಬಾಯಲ್ಲಿ ಬೋರ್ಡಕ್ಕ, ಡಬ್ಬದ ಮುಚ್ಚಳದ ಮೇಲೆ ಅದರ ಹೆಸರು ಬರೆದು ಕೊರಳಿಗೆ ಕಟ್ಟಿದ್ದಳು.

ಆಮೇಲೆ ಕಂಟ್ರಾಕ್ಟರ್ ಬಂದ. ಅವನ ಕಣ್ಣು ಬಿದ್ದದ್ದು ಉಳಿದದ್ದುಂಟೇ! ಮೊದಲು ಗಡಿಯಾರದ ಗೋಪುರ ಹೋಯಿತು; ಅದರ ಹನ್ನೆರಡು ಅಂಕಿಗಳನ್ನೂ ಬರೆದವನು ಬೋರ್ಡಕ್ಕನ ಅಪ್ಪ. ಆಮೇಲೆ ಕಲ್ಲಿನ ನೀರುತೊಟ್ಟಿ. ಕೊನೆಗೆ ಅಪ್ಪ ಮಗಳು ಸೇರಿ ಬಣ್ಣ ಹಚ್ಚಿದ್ದ ಟಾಕೀಸು. ಅವಳು ಹಲ್ಲು ಕಚ್ಚಿಕೊಂಡು ನೋಡಿದಳು. ಆ ಖಾಲಿ ಜಾಗಕ್ಕೆ ತಗಡಿನ ಬೇಲಿ ಹಾಕಿ ಕಂಟ್ರಾಕ್ಟರ್ ತನ್ನದೇ ಮುಖದ ಪೋಸ್ಟರುಗಳನ್ನು ಸಾಲಾಗಿ ಅಂಟಿಸಿದ. ಇನ್ಸ್‌ಪೆಕ್ಟರ್ ಬಿಟ್ಟೀತೇ? ಮೂರೇ ದಿನದಲ್ಲಿ ಒಂದು ಮುಖಕ್ಕೂ ಮೀಸೆಯಿಂದ ಕೆಳಗೆ ಏನೂ ಉಳಿಯಲಿಲ್ಲ. ಬೀದಿಗೆ ಬೀದಿಯೇ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಕಂಟ್ರಾಕ್ಟರ್ ನಗಲಿಲ್ಲ.

ಮುಂದಿನ ವಾರ, ಕೆಲಸ ಶುರುವಾದ ಖುಷಿಗೆ ಅಂತ ಅವನು ಒಂದು ರಾತ್ರಿ ಬೀದಿಗೆಲ್ಲ ಮಾಂಸದೂಟ ಹಾಕಿಸಿದ. ಬೋರ್ಡಕ್ಕ ಎರಡು ಸಲ ಬಡಿಸಿಕೊಂಡಳು. ಮಾರನೆಯ ದಿನ ಹತ್ತು ಗಂಟೆಗೆ ಇನ್ಸ್‌ಪೆಕ್ಟರ್ ಬರಲಿಲ್ಲ. ಸಂಜೆ ಊಟದ ಅಡಿಗೆ ಮಾಡಿದವನು ಬಂದು ಅವಳ ಮುಂದೆ ಡಬ್ಬದ ಮುಚ್ಚಳ ಇಟ್ಟ.

“ಕಂಟ್ರಾಕ್ಟರೇ ಕೊಯ್ಸಿ ತಂದುಕೊಟ್ರು ಅಕ್ಕಾ. ನಂಗೇನು ಗೊತ್ತು? ಇವತ್ತು ಮಾಂಸ ತಂದ ಗೋಣಿಚೀಲ ಒದರಿದ್ರೆ ಇದು ಬಿತ್ತು.”

ಅವಳು ಬಚ್ಚಲಿಗೆ ಓಡಿದಳು. ನಿನ್ನೆ ತಿಂದದ್ದು ಇವತ್ತೆಲ್ಲಿ ಬರುತ್ತದೆ? ಬಾಯಿ ತೊಳೆದು ಬಂದು, “ಸದ್ಯಕ್ಕೆ ಯಾರಿಗೂ ಹೇಳ್ಬೇಡ. ಇದನ್ನ ಆ ಕಟುಕನ ಬಾಯಿಂದಲೇ, ಬೀದಿ ಎದುರಿಗೇ ಹೇಳಿಸ್ತೀನಿ. ಇಲ್ಲದಿದ್ರೆ ನಮ್ಮಪ್ಪನ ಮಗಳೇ ಅಲ್ಲ ನಾನು!” ಅಂದಳು.

ವರ್ಷದೊಳಗೆ ಕಟ್ಟಡ ಎದ್ದಿತು. ಕಂಟ್ರಾಕ್ಟರ್ ಅವಳನ್ನೇ ಕರೆಸಿದ.

“ಮುಂದಿನ ಗೋಡೆ ತುಂಬಾ ನನ್ನ ಮುಖ ಬರಿ. ಇದನ್ನ ಯಾವ ಆಡೂ ತಿನ್ನಲ್ಲ, ನೋಡ್ತಿರು!” ಎಂದು ನಕ್ಕ. ಅವಳೂ ನಕ್ಕಳು.

ಚಿಕ್ಕವಳಿದ್ದಾಗ ಅವಳೊಮ್ಮೆ ಡಾಂಬರು ಮೆತ್ತಿದ ಬ್ರಷ್ಷನ್ನು ಟಾಕೀಸಿನ ಗೋಡೆಗೆ ಒರೆಸಿಬಿಟ್ಟಿದ್ದಳು. ಎಷ್ಟು ಸಲ ಬಣ್ಣ ಹೊಡೆದರೂ ಬಿಸಿಲಿಗೆ ಆ ಕಂದು ಕಲೆ ಮತ್ತೆ ಮೇಲೆದ್ದು ಬರುತ್ತಿತ್ತು. ಅಪ್ಪ ಚೆನ್ನಾಗಿ ಬೈದು, ಅದರ ಮೇಲೆ ಅರಗಿನ ಲೇಪ ಕೊಟ್ಟ ಮೇಲೇ ಅದು ಅಡಗಿದ್ದು. ಈಗ ಗೋಣಿಪರದೆಯ ಹಿಂದೆ ನಿಂತು, ಅವನದೇ ತಾರಸಿಗೆ ಬಳಿದು ಮಿಕ್ಕಿದ್ದ ಡಾಂಬರಿನಿಂದ ಅವಳು ಮೊದಲು ಇನ್ಸ್‌ಪೆಕ್ಟರನ್ನು ಬರೆದಳು: ಕೊಂಬು, ಗಡ್ಡ, ಕೊರಳಿನ ಮುಚ್ಚಳ, ತೆರೆದ ಬಾಯಿ. ಅದರ ಮೇಲೆ ಬಿಳಿ ಬಣ್ಣ. ಬಿಳಿಯ ಮೇಲೆ ಕಂಟ್ರಾಕ್ಟರನ ನಗುಮುಖ, ಗಲ್ಲ ಸರಿಯಾಗಿ ಆ ಬಾಯಿಗೆ ಬರುವ ಹಾಗೆ.

ಬೇಸಿಗೆ ಹತ್ತಿತು. ಮೊದಲು ಕೊಂಬು ಕಾಣಿಸಿತು, ಆಮೇಲೆ ಗಡ್ಡ. ತಿಂಗಳು ಕಳೆಯುವಷ್ಟರಲ್ಲಿ ಇಡೀ ಹೋತ ಅವನ ಗಲ್ಲ ಮೇಯುತ್ತ ನಿಂತಿತ್ತು. ಕಂಟ್ರಾಕ್ಟರ್ ಕೆಲಸದವರಿಂದ ಹೋತದ ಮೇಲಷ್ಟೇ ಮೂರು ಸಲ ಬಣ್ಣ ಹೊಡೆಸಿದ. ಮೂರು ಸಲವೂ ಬಂತು. ಕಟ್ಟಡದಲ್ಲಿ ಬಾಡಿಗೆಗೆ ಅಂಗಡಿ ಹಿಡಿಯಲು ಬಂದವರು ಗೋಡೆ ನೋಡಿ, ಕಿಸಕ್ಕೆಂದು ನಕ್ಕು ವಾಪಸಾದರು.

ಕೊನೆಗೆ ಕಂಟ್ರಾಕ್ಟರ್ ಅವಳ ಬಾಗಿಲಿಗೆ ಬಂದ. “ಅಕ್ಕಾ, ಕೈ ಮುಗೀತೀನಿ. ಇದಕ್ಕೆ ನೀವೇ ಏನಾದ್ರೂ ಮಾಡ್ಬೇಕು.”

“ಇನ್ಸ್‌ಪೆಕ್ಟರನ್ನ ಏನು ಮಾಡಿದ್ರಿ ಅಂತ ನಾಳೆ ಹತ್ತಕ್ಕೆ ಎಲ್ರ ಮುಂದೆ ಹೇಳಿ. ಆಮೇಲೆ ಮದ್ದು ಹೇಳ್ತೀನಿ.”

ಮರುದಿನ ಗೋಡೆಯ ಕೆಳಗೆ ಬೀದಿಯೆಲ್ಲ ನೆರೆಯಿತು. ಅವನು ತಲೆ ತಗ್ಗಿಸಿ, “ನಾನೇ ಕೊಯ್ಸಿದ್ದು. ಅವತ್ತು ನಿಮಗೆಲ್ಲ ಬಡಿಸಿದ್ದು ಅದನ್ನೇ” ಎಂದ. ಬೀದಿಯ ಟೈಲರೊಬ್ಬ ಬಾಯಿಗೆ ಕೈ ಅಡ್ಡ ಹಿಡಿದ. ಯಾರೋ ಕ್ಯಾಕರಿಸಿ ಉಗಿದರು.

“ಹೇಳಿದ್ನಲ್ಲ ಅಕ್ಕಾ. ಮದ್ದು?”

“ಗೋಡೆ ಕೆಡವ್ಬೇಕು. ನಿಮಗೆ ಕೈ ಪಳಗಿದೆಯಲ್ಲ.”

ಕಲೆ ಅಡಗಿಸುವ ಅರಗು ಅವಳ ಹೆಗಲ ಚೀಲದಲ್ಲೇ ಇತ್ತು. ಅದರ ಸುದ್ದಿ ಎತ್ತಲಿಲ್ಲ.

ನಾಲ್ಕನೆಯ ದಿನ ಸುತ್ತಿಗೆ ಹಿಡಿದವರು ಬಂದರು. ಬೋರ್ಡಕ್ಕ ಕುರ್ಚಿ ಎಳೆದುಕೊಂಡು ಎದುರಿಗೇ ಕೂತಳು. ಮೊದಲ ಏಟು ಕಂಟ್ರಾಕ್ಟರನ ಹಣೆಗೆ ಬಿತ್ತು. ಎರಡನೆಯದಕ್ಕೆ ಹೋತದ ಕೊಂಬು ಉದುರಿತು. ಅಯ್ಯೋ, ಇದನ್ನು ಎರಡನೇ ಸಲ ಕೊಲ್ಲಿಸಿದೆನಲ್ಲ! ಕಣ್ಣೊರೆಸಿಕೊಂಡಳು. ಆದರೆ ಗೋಡೆ ಪೂರ್ತಿ ಬೀಳುವವರೆಗೂ ಕುರ್ಚಿ ಬಿಟ್ಟು ಏಳಲಿಲ್ಲ.