ಎದುರು ಬೆಂಚು

ಹನ್ನೊಂದು ವರ್ಷ ಒಂದೇ ಬೇಸ್‌ಬಾಲ್ ತಂಡಕ್ಕೆ ಎರಡನೇ ಬೇಸ್ ಕಾದ ವೆಂಡಲ್ ಕ್ರಾಸ್ಕಿ, ಅಲ್ಲೇ ಆಟ ಮುಗಿಸುವ ಆಸೆಯಲ್ಲಿದ್ದ. ಆ ಭಾನುವಾರ ಜೋಡಿ ಪಂದ್ಯ: ಒಂದೇ ಎದುರಾಳಿ ತಂಡದ ಜೊತೆ ಬೆನ್ನುಬೆನ್ನಿಗೆ ಎರಡು ಆಟ. ಮೊದಲನೆಯದು ಮುಗಿದು ಹಾಟ್‌ಡಾಗ್ ತಿನ್ನುವಾಗ ಮ್ಯಾನೇಜರ್ ಓರ್ವಿಲ್ ಹೆಗಲ ಮೇಲೆ ಕೈಯಿಟ್ಟ.

"ನಿನ್ನ ಮಾರಿಬಿಟ್ರು ಕಣೋ."

"ಯಾವೂರಿಗೆ?"

"ದೂರ ಏನಿಲ್ಲ. ಎದುರು ಬೆಂಚಿಗೆ."

ವೆಂಡಲ್ ಅಗಿಯುವುದನ್ನೇ ಮರೆತ. ಅರ್ಧ ಗಂಟೆಯಲ್ಲಿ ಎದುರಾಳಿಗಳ ಅಂಗಿ ತೊಟ್ಟು ಅದೇ ಎರಡನೇ ಬೇಸ್‌ ಬಳಿ ನಿಂತಿದ್ದ. ಮೂವರು ಔಟಾಗಿ ಸರದಿ ಬದಲಾದದ್ದೇ ತಡ, ತಲೆ ತಗ್ಗಿಸಿ ಓಡಿ ಬೆಂಚಿನ ತುದಿಯ ತನ್ನ ಜಾಗದಲ್ಲಿ ಕೂತ. ಹಳೆಯ ಜೊತೆಗಾರ ಲಾನಿ ಗ್ಲೌಸ್ ತೊಡುತ್ತಾ ಮೆಲ್ಲಗೆ ಹೇಳಿದ:

"ಗುರೂ, ನಿನ್ ಮನೆ ಈಗ ಆ ಕಡೆ."

ವೆಂಡಲ್ ಬೆಚ್ಚಿ ಮೈದಾನ ನೋಡಿದ. ಅವನ ಎರಡನೇ ಬೇಸ್‌ಗೆ ಆಗಲೇ ಹಳೆಯ ತಂಡದ ಇನ್ನೊಬ್ಬ ಕಾವಲಿಗೆ ಓಡುತ್ತಿದ್ದ.