ಪಿಸುವಿನ ತುಕಡಿ

ನಮ್ಮ ಮಗಳಿಗೆ ಪಿಸು ಎಂದು ಹೆಸರಿಟ್ಟವಳು ಅವಳ ಅಜ್ಜಿ. ಮಾತು ಕಲಿತಾಗಿನಿಂದ ಅವಳು ಆಡುತ್ತಿದ್ದುದೆಲ್ಲ ಪಿಸುಮಾತೇ. ಅಂಗಡಿಯಲ್ಲಿ ಒಂದು ಪೆನ್ಸಿಲ್ ಕೇಳಬೇಕಾದರೂ ಅಮ್ಮನ ಕಿವಿಯಲ್ಲಿ ಹೇಳುವಳು. ಅಮ್ಮ ಅದನ್ನು ಇಡೀ ಬೀದಿಗೆ ಸಾರುವಳು. ನನ್ನ ಹೆಂಡತಿ ಕಾರು ಓಡಿಸುವುದನ್ನು ಕಲಿಸುವವಳು. ಅವಳ ಕಾರಿನಲ್ಲಿ ಕಲಿಸುವವರ ಕಾಲ ಕೆಳಗೂ ಒಂದು ಬ್ರೇಕ್ ಇದೆ. ಮನೆಯೊಳಗೂ ಅಂಥದ್ದೊಂದು ಇದ್ದಿದ್ದರೆ ಅವಳು ಕಾಲು ತೆಗೆಯುತ್ತಲೇ ಇರಲಿಲ್ಲ ಎಂದು ನಾನು ತಮಾಷೆ ಮಾಡುತ್ತಿದ್ದೆ, ಅವಳಿಗೆ ಕೇಳಿಸದಷ್ಟು ದೂರ ನಿಂತು.

ಹೈಸ್ಕೂಲು ಸೇರಿದ ವರ್ಷ ಒಂದು ಸಂಜೆ ಪಿಸು ನನ್ನ ಕನ್ನಡಕದ ಅಂಗಡಿಗೆ ಬಂದಳು. ಗಿರಾಕಿ ಹೋಗುವ ತನಕ ಕಾದು, ಯುವ ಕೆಡೆಟ್ ದಳ ಸೇರುತ್ತೇನೆ ಎಂದಳು. ಲೆನ್ಸಿನ ಅಂಚು ಉಜ್ಜುತ್ತಿದ್ದ ನಾನು ಯಂತ್ರ ನಿಲ್ಲಿಸಿ ಇನ್ನೊಮ್ಮೆ ಹೇಳಿಸಿದೆ. ಬೂಟು, ಕವಾಯತು, ಶಿಬಿರ, ಎದೆ ಬಿರಿಯುವಂತೆ ಕೂಗಿ ಆಜ್ಞೆ ಕೊಡುವುದು. ಇವಕ್ಕೂ ಇವಳಿಗೂ ಎತ್ತಣ ಸಂಬಂಧ? ಯಾಕಮ್ಮ ಎಂದು ಕೇಳಿದೆ.

“ನಂಗೂ ಒಂದ್ಸಲ ಜೋರಾಗಿ ಮಾತಾಡ್ಬೇಕು ಅನ್ಸುತ್ತಪ್ಪ,” ಎಂದಳು, ಪಿಸುಗುಟ್ಟುತ್ತಾ.

ಸೇರಿಸಿಕೊಳ್ಳುವ ಮೊದಲು ಮನೆಯವರನ್ನು ಕರೆಸಿ ಮಾತಾಡಿಸುವುದು ದಳದ ಪದ್ಧತಿ. ಶಾಲೆಯ ಆಟದ ಹಾಲಿನಲ್ಲಿ, ಮಂಡಿ ಗದ್ದಕ್ಕೆ ತಾಗುವಂಥ ಮಕ್ಕಳ ಬೆಂಚುಗಳ ಮೇಲೆ ನಾವೆಲ್ಲ ಮುದುರಿ ಕುಳಿತೆವು. ದಳವನ್ನು ನಡೆಸುವವರು ಸೈನ್ಯದಿಂದ ನಿವೃತ್ತರಾದ ಕುಳ್ಳನೆಯ ಹೆಂಗಸು. ಎಲ್ಲರಿಗೂ ಅವರು ಕ್ಯಾಪ್ಟನ್ ಮೇಡಂ. ಮಕ್ಕಳನ್ನು ಸೈನ್ಯಕ್ಕೆ ಸೇರಿಸುವುದಕ್ಕಲ್ಲ ಈ ದಳ, ಹೊಣೆ ಹೊರುವುದನ್ನು ಕಲಿಸುವುದಕ್ಕೆ ಎಂದು ಮೊದಲೇ ಹೇಳಿದರು. ಶನಿವಾರ ಬೆಳಕು ಹರಿಯುವಾಗ ಮಕ್ಕಳು ಗೇಟಿನಲ್ಲಿರಬೇಕು. ಫೋನು ಪೆಟ್ಟಿಗೆ ಸೇರಬೇಕು. ಸಮವಸ್ತ್ರ ಒಗೆಯುವುದು, ಇಸ್ತ್ರಿ ಮಾಡುವುದು, ಬೂಟು ಉಜ್ಜುವುದು ಎಲ್ಲ ಅವರದೇ ಕೆಲಸ. ಶಿಬಿರಕ್ಕೆ ನಾವೂ ಬಂದು ಪಾತ್ರೆ ತೊಳೆಯಬೇಕು, ಡೇರೆ ಕಟ್ಟಬೇಕು. ಆಮೇಲೆ ಹೇಳಿದರು:

“ನಿಮ್ಮ ಮಕ್ಕಳು ಇಲ್ಲಿ ತಪ್ಪು ಮಾಡ್ತಾರೆ. ನಿಮ್ಮ ಕಣ್ಣೆದುರಿಗೇ ಮಾಡ್ತಾರೆ. ಆಗ ನೀವು ಎದ್ದು ಬರಬಾರದು. ಅವರಿಗಿಂತ ನಿಮಗೇ ಇದು ಕಷ್ಟ.”

ನಮ್ಮ ಮುಂದೆ ಕುಳಿತಿದ್ದ ದಪ್ಪನೆಯ ಗುತ್ತಿಗೆದಾರ, ತನ್ನ ಮಗ ಎಷ್ಟು ದಿನದಲ್ಲಿ ಹೇಳಿದ ಮಾತು ಕೇಳುವಂತಾಗುತ್ತಾನೆ ಎಂದು ವಿಚಾರಿಸಿದ. ಗೋಡೆ ಎಷ್ಟು ದಿನದಲ್ಲಿ ಏಳುತ್ತದೆ ಎಂದು ಮೇಸ್ತ್ರಿಯನ್ನು ಕೇಳಿದ ಹಾಗಿತ್ತು. ಮೊದಲು ಅವನು ಏನು ಹೇಳುತ್ತಾನೆ ಅಂತ ನೀವು ಕೇಳಿ ನೋಡಿ ಎಂದರು ಮೇಡಂ. ನನ್ನ ಹೆಂಡತಿ ನಕ್ಕಳು. ಆ ನಗು ಬಹಳ ದಿನ ಉಳಿಯಲಿಲ್ಲ.

ಎರಡನೆಯ ಶನಿವಾರವೇ ಪಿಸು ಟೋಪಿ ಮರೆತು ಹೋದಳು. ಊಟದ ಮೇಜಿನ ಮೇಲೆ ಅದನ್ನು ಕಂಡದ್ದೇ ತಡ, ನನ್ನ ಹೆಂಡತಿ ಕಲಿಯಲು ಬಂದ ಹುಡುಗಿಯನ್ನು ಹಿಂದಿನ ಸೀಟಿಗೆ ದಾಟಿಸಿ, ತಾನೇ ಕಾರು ಓಡಿಸಿಕೊಂಡು ಮೈದಾನಕ್ಕೆ ಹೋದಳು. ಕ್ಯಾಪ್ಟನ್ ಮೇಡಂ ಗೇಟು ತೆಗೆಯಲಿಲ್ಲ. ಟೋಪಿಯನ್ನು ಮನೆಗೆ ಒಯ್ಯಿರಿ ಎಂದು ಮೆತ್ತಗೆ ಹೇಳಿದರಂತೆ. ಬೇಲಿಯಾಚೆ ಸಾಲಿನಿಂದ ಹೊರಗೆ, ಬಿಸಿಲಲ್ಲಿ ಒಬ್ಬಳೇ ನಿಂತ ಮಗಳನ್ನು ನೋಡಿ ಹೆಂಡತಿಯ ಪಿತ್ತ ನೆತ್ತಿಗೇರಿತು. ಮನೆಗೆ ಬಂದವಳು ಇದು ದಳವೋ ಜೈಲೋ, ಇವತ್ತೇ ಬಿಡಿಸುತ್ತೇನೆ ಎಂದು ಕೂತಳು. ಬಿಡಿಸಬೇಕೋ ಬೇಡವೋ ಅವಳನ್ನೇ ಕೇಳೋಣ ಎಂದೆ ನಾನು.

ಪಿಸು ಬಂದು ಬೂಟು ಬಿಚ್ಚಿದಳು. ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಅಮ್ಮ ಎಲ್ಲ ಹೇಳಿ ಮುಗಿಸಿದ ಮೇಲೆ, “ಟೋಪಿ ಮರ್ತಿದ್ದು ನಾನಮ್ಮ. ನಾನು ಬಿಡಲ್ಲ,” ಎಂದಳು. ದನಿ ಅದೇ. ಆದರೆ ಅಮ್ಮನಿಗೆ ಅವಳು ಇಲ್ಲ ಎಂದದ್ದು ಅದೇ ಮೊದಲು.

ಅಲ್ಲಿಂದ ನಮ್ಮ ಮನೆಯ ಚಹರೆಯೇ ಬದಲಾಯಿತು. ಒಂದು ಅಂಗಿಯ ಕಾಲರ್ ಇಸ್ತ್ರಿಗೆ ಆಹುತಿಯಾಯಿತು. ಬೂಟಿನ ಪಾಲಿಶ್ ಅಜ್ಜಿಯ ದಿಂಬಿಗೂ ಅಂಟಿತು. ಬಚ್ಚಲಲ್ಲಿ ನಿಂತು “ತುಕಡಿ, ಸಾವಧಾನ್” ಎಂದು ಕೂಗುವ ಅಭ್ಯಾಸ ಶುರುವಾದಾಗ, ಪಕ್ಕದ ಮನೆಯ ನರ್ಸಮ್ಮ ಬಾಗಿಲು ತಟ್ಟಿ, ಗಂಡಹೆಂಡಿರ ಜಗಳವೇ ಎಂದು ನನ್ನನ್ನು ಅನುಮಾನದಿಂದ ನೋಡಿದರು. ಅಜ್ಜಿ ಮಾತ್ರ, ನನ್ನ ಕಿವುಡು ವಾಸಿಯಾಗ್ತಾ ಇದೆ ಎಂದು ಖುಷಿಪಟ್ಟಳು. ನನ್ನ ಹೆಂಡತಿ ತುಟಿ ಕಚ್ಚಿಕೊಂಡು ಸುಮ್ಮನಿರುವುದನ್ನು ಕಲಿಯುತ್ತಿದ್ದಳು. ಸುಕ್ಕುಸುಕ್ಕಾದ ಅಂಗಿ ಕಂಡರೆ ಅವಳ ಕೈ ಇಸ್ತ್ರಿಪೆಟ್ಟಿಗೆಯ ಕಡೆ ಹೋಗುವುದು, ವಾಪಸು ಬರುವುದು. ಮರುವರ್ಷ ಪಿಸುವನ್ನು ಒಂದು ತುಕಡಿಯ ನಾಯಕಿ ಮಾಡಿದರು. ಗುತ್ತಿಗೆದಾರನ ಮಗನೂ ಅದೇ ತುಕಡಿಯಲ್ಲಿದ್ದ.

ಆ ವರ್ಷದ ಶಿಬಿರದ ಕೊನೆಯ ದಿನ ಮನೆಯವರನ್ನೆಲ್ಲ ಬೆಟ್ಟ ಹತ್ತಿಸುವುದಿತ್ತು. ಮುಂದಾಳುಗಳು ಮಕ್ಕಳು; ಅವರ ಮಾತು ನಾವು ಕೇಳಬೇಕು. ಕ್ಯಾಪ್ಟನ್ ಮೇಡಂ ಬುಡದ ಡೇರೆಯಲ್ಲೇ ಉಳಿದರು. ಪಿಸು ನಮ್ಮ ಗುಂಪಿನ ಮುಂದೆ, ಹೆಗಲಿಗೆ ವಾಕಿಟಾಕಿ ಸಿಕ್ಕಿಸಿಕೊಂಡು ನಡೆದಳು. ಗುತ್ತಿಗೆದಾರ ದಾರಿಯುದ್ದಕ್ಕೂ ತನ್ನ ಹರೆಯದ ಬೆಟ್ಟಗಳ ಕತೆ ಹೇಳುತ್ತಿದ್ದ. ಅರ್ಧ ದಾರಿ ಕಳೆದ ಮೇಲೆ ಕತೆ ತುಂಡಾಗತೊಡಗಿತು, ಆಮೇಲೆ ನಿಂತೇಹೋಯಿತು. ಸದ್ಯ ನಿಂತಿತಲ್ಲ ಎಂದುಕೊಂಡೆನೇ ಹೊರತು ನಾನು ತಿರುಗಿ ನೋಡಲಿಲ್ಲ.

ಪಿಸು ತಿರುಗಿ ನೋಡಿದಳು. ನಾಲ್ಕು ಹೆಜ್ಜೆ ಹೋಗಿ ಮತ್ತೆ ನೋಡಿದಳು.

“ತುಕಡಿ, ನಿಲ್!”

ಆ ದನಿ ಬಂಡೆಗೆ ಬಡಿದು ವಾಪಸು ಬಂತು. ನಾವು ದೊಡ್ಡವರೂ ನೆಟ್ಟಗೆ ನಿಂತುಬಿಟ್ಟೆವು. ಅವಳು ಗುತ್ತಿಗೆದಾರನ ಬಳಿ ಹೋದಳು. ಅವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ತಣ್ಣನೆ ಗಾಳಿಯಲ್ಲೂ ಬೆವರು ಇಳಿಯುತ್ತಿತ್ತು, ಎಡಗೈಯನ್ನು ಹಿಸುಕಿಕೊಳ್ಳುತ್ತಿದ್ದ. ಏನಿಲ್ಲ, ಹೊಟ್ಟೆಯಲ್ಲಿ ಗಾಳಿ, ತುದಿ ಇಲ್ಲೇ ಇದೆ, ನಡೀರಿ ಎಂದು ಅವನು ಗದರಿದ. ನನ್ನ ಹೆಂಡತಿ ಬಾಯಿ ತೆರೆದಳು. ನಾನು ನೋಡುತ್ತಿದ್ದಂತೆಯೇ ಮುಚ್ಚಿದಳು.

“ಅಂಕಲ್, ಇನ್ನೊಂದ್ ಹೆಜ್ಜೆನೂ ಇಡ್ಬೇಡಿ. ಇಲ್ಲೇ ಕೂತ್ಕೊಳ್ಳಿ,” ಎಂದಳು ಪಿಸು.

ಅವನು ಸುತ್ತ ನೋಡಿದ, ಯಾರಾದರೂ ದೊಡ್ಡವರು ತನ್ನ ಪರವಾಗಿ ಮಾತಾಡಲಿ ಎಂದು. ಯಾರೂ ಆಡಲಿಲ್ಲ. ಕುಳಿತ.

ಅವನನ್ನು ಬಂಡೆಗೆ ಒರಗಿಸಿ, ಬೆಲ್ಟು ಗುಂಡಿಗಳನ್ನು ಸಡಿಲಿಸಿ, ಪಿಸು ವಾಕಿಟಾಕಿಯಲ್ಲಿ ಬುಡದಲ್ಲಿದ್ದ ಮೇಡಂಗೆ ವಿಷಯ ತಿಳಿಸಿ, ಆಂಬುಲೆನ್ಸ್ ಕರೆಸಿ ಎಂದಳು. ಇಬ್ಬರು ಕೆಡೆಟ್‌ಗಳಿಗೆ ಊರುಗೋಲು, ಜಾಕೆಟ್ಟು ಸೇರಿಸಿ ಡೋಲಿ ಕಟ್ಟಲು ಹೇಳಿದಳು. ಗುತ್ತಿಗೆದಾರನ ಮಗ ಮರಗಟ್ಟಿ ನಿಂತಿದ್ದ; ಅವನನ್ನು ಅಪ್ಪನ ಪಕ್ಕದಲ್ಲಿ ಕೂರಿಸಿ, ಕೈ ಹಿಡ್ಕೊಂಡು ಮಾತಾಡಿಸ್ತಾ ಇರು ಎಂದಳು. ಆಮೇಲೆ ಅಮ್ಮನ ಕಡೆ ತಿರುಗಿದಳು.

“ಅಮ್ಮ, ಕೆಳಗೆ ರಸ್ತೆ ಕವಲಾಗೋ ಕಡೆ ಆಂಬುಲೆನ್ಸ್ ದಾರಿ ತಪ್ಪುತ್ತೆ. ನೀನು ಅಲ್ಲಿ ಹೋಗಿ ನಿಂತ್ಕೋ. ಎಷ್ಟು ಮೇಲಕ್ಕೆ ಬರುತ್ತೋ ಅಷ್ಟು ತರ್ಸು. ಒಬ್ಬಳೇ ಹೋಗ್ಬೇಡ.”

“ಸರಿ,” ಎಂದಳು ನನ್ನ ಹೆಂಡತಿ. ಹದಿನೇಳು ವರ್ಷದ ಸಂಸಾರದಲ್ಲಿ ಅಷ್ಟು ಚಿಕ್ಕ ಉತ್ತರ ನಾನು ಕೇಳಿರಲಿಲ್ಲ. ಒಬ್ಬ ಕೆಡೆಟ್‌ನನ್ನು ಕರೆದುಕೊಂಡು ಇಳಿದು ಹೋದಳು.

ನಾವು ಸರದಿಯಲ್ಲಿ ಡೋಲಿ ಹೊತ್ತೆವು. ಎಲ್ಲಿ ಕಾಲಿಡಬೇಕು, ಯಾವಾಗ ಭುಜ ಬದಲಿಸಬೇಕು ಎಂದು ಪಿಸು ಹೇಳುತ್ತಲೇ ಇದ್ದಳು. ಕೆಳಗೆ ಕಲ್ಲು ಸಾಗಿಸುವ ಗಾಡಿಗಳ ಇಕ್ಕಟ್ಟಿನ ಜಾಡಿನಲ್ಲಿ ಆಂಬುಲೆನ್ಸ್ ಹಿಮ್ಮುಖವಾಗಿ ಏರಿ ಬರುತ್ತಿತ್ತು. ಅದರ ಹಿಂದೆ ನನ್ನ ಹೆಂಡತಿ ಎರಡೂ ಕೈ ಬೀಸಿ, ಎಡಕ್ಕೆ, ಇನ್ನೂ ಎಡಕ್ಕೆ ಎನ್ನುತ್ತಾ ಚಾಲಕನಿಗೆ ದಾರಿ ತೋರಿಸುತ್ತಿದ್ದಳು. ಅದು ಅಷ್ಟು ಮೇಲಕ್ಕೆ ಬಂದದ್ದರಿಂದಲೇ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಮುಟ್ಟಿತು ಎಂದು ಆಮೇಲೆ ಡಾಕ್ಟರ್ ಹೇಳಿದರಂತೆ. ಹೃದಯಾಘಾತ. ತುದಿಯವರೆಗೆ ನಡೆದಿದ್ದರೆ ಕಷ್ಟವಿತ್ತು.

ಗುತ್ತಿಗೆದಾರ ಉಳಿದ. ಆ ಸಂಜೆ ಸುದ್ದಿ ಬಂದಾಗ ಡೇರೆಗಳ ನಡುವೆ ಎಲ್ಲರೂ ಚಪ್ಪಾಳೆ ತಟ್ಟಿದರು. ಕ್ಯಾಪ್ಟನ್ ಮೇಡಂ ಪಿಸುವಿನ ಕೈ ಕುಲುಕಿ, ನಂತರ ತುಕಡಿಯನ್ನು ನಾವು ಕುಳಿತಿದ್ದ ಪಕ್ಕದಲ್ಲೇ ಸೇರಿಸಿ ನಡೆದದ್ದನ್ನು ಮೊದಲಿನಿಂದ ಕೇಳಿದರು. ಗುತ್ತಿಗೆದಾರರು ಬೆವರುವುದನ್ನು ಮೊದಲು ಯಾವಾಗ ನೋಡಿದೆ ಎಂದರು. ನಿಲ್ಲಿಸಿದ ಜಾಗಕ್ಕಿಂತ ಎಷ್ಟೋ ಕೆಳಗೆ, ದಾರಿಯ ಒರತೆಯ ಹತ್ತಿರ ಎಂದಳು ಪಿಸು. ಮತ್ತೆ ಅಲ್ಲೇ ಯಾಕೆ ನಿಲ್ಲಿಸಲಿಲ್ಲ?

ಒಂದು ಜೀವ ಉಳಿಸಿದ ಮಗುವಿಗೆ ಇದೆಂಥ ಪ್ರಶ್ನೆ? ನಾನು ಎದ್ದೆ. ನನ್ನ ಹೆಂಡತಿ ನನ್ನ ಅಂಗಿ ಹಿಡಿದು ಕೂರಿಸಿದಳು.

“ದೊಡ್ಡವರಿಗೆ ಹೇಳಕ್ಕೆ ಹೆದರ್ದೆ ಮೇಡಂ. ಅಲ್ಲೇ ನಿಲ್ಲಿಸ್ಬೇಕಿತ್ತು,” ಎಂದಳು ಪಿಸು. ಕೊನೆಯ ಡೇರೆಯವರಿಗೂ ಕೇಳಿಸಿತು. ತಲೆ ತಗ್ಗಿರಲಿಲ್ಲ. ಮೇಡಂ ಹೂಂಗುಟ್ಟಿ ಮುಂದಿನ ಪ್ರಶ್ನೆಗೆ ಹೋದರು.

ನನ್ನ ಹೆಂಡತಿಯ ಕಣ್ಣು ತುಂಬಿತ್ತು. ಬೆಟ್ಟದ ಮೇಲೆ ತುಂಬಿರಲಿಲ್ಲ, ಚಪ್ಪಾಳೆಗೂ ತುಂಬಿರಲಿಲ್ಲ. “ಕೇಳಿದ್ರಾ?” ಎಂದಳು ನನಗೆ. ಕೇಳಿದೆ ಎಂದೆ.

ಈ ಕತೆಯನ್ನು ಯಾರಿಗೂ ಹೇಳಕೂಡದು, ನಾಚಿಕೆಯಾಗುತ್ತದೆ ಎಂದು ಪಿಸು ನಮ್ಮಿಂದ ಮಾತು ತೆಗೆದುಕೊಂಡಳು. ನಾನು ಅಂಗಡಿಯಲ್ಲಿ ಕನ್ನಡಕದ ಕಡ್ಡಿ ಸರಿಮಾಡುತ್ತಾ ನಾಲ್ಕೈದು ಜನಕ್ಕಷ್ಟೇ ಹೇಳಿದ್ದೇನೆ. ನನ್ನ ಹೆಂಡತಿಯದು ಬೇರೆ ಲೆಕ್ಕ. ನಮ್ಮ ಊರಿನಲ್ಲಿ ಈಚೆಗೆ ಕಾರು ಕಲಿತವರಲ್ಲಿ ಇದು ಗೊತ್ತಿಲ್ಲದವರು ಸಿಗುವುದು ಕಷ್ಟ.