ಹದಿನೇಳನೇ ದನಿ

ಮೀಟರಿನ ಮುಳ್ಳು ಎರಡು ವೋಲ್ಟಿಗಿಂತ ಕೆಳಗೆ ಇಳಿದದ್ದನ್ನು ರಿಪೇರಿ ಅಂಗಡಿಯ ಅರ್ಷಾಗ್ ಎರಡೆರಡು ಸಲ ನೋಡಿದ. ನಿನ್ನೆ ಎರಡೂವರೆ ಇತ್ತು. ಪೆಟ್ಟಿಗೆಯೊಳಗಿನ ಆ ಪುಟ್ಟ ಬ್ಯಾಟರಿ ಇಂದೋ ನಾಳೆಯೋ ಕಣ್ಣು ಮುಚ್ಚುತ್ತದೆ. ಅದು ಸತ್ತರೆ ಪೆಟ್ಟಿಗೆಯ ನೆನಪೂ ಅದರ ಜೊತೆಗೇ ಹೋಗುತ್ತದೆ.

"ಏನಂತೆ?" ಸ್ಟೂಲಿನ ಮೇಲೆ ಗಿಟಾರ್ ತಬ್ಬಿಕೊಂಡು ಕೂತಿದ್ದ ನಬೀಹ್ ಕಿರುಚಿ ಕೇಳಿದ. ಮೂರು ವರ್ಷದ ಹಿಂದೆ ನಗರದ ಬಂದರು ಸಿಡಿದ ದಿನದಿಂದ ಅವನ ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿ ಅರೆಬರೆ ಉಳಿದಿತ್ತು. ಆಮೇಲಿಂದ ಅವನ ಪಿಸುಮಾತೂ ಬುರ್ಜ್ ಹಮ್ಮೂದ್ ಬಡಾವಣೆಯ ಗಲ್ಲಿಗೆಲ್ಲ ಕೇಳುತ್ತಿತ್ತು.

"ಇವತ್ತೇ ಬದಲಾಯಿಸ್ಬೇಕು."

"ಬದಲಾಯಿಸು ಮತ್ತೆ. ಮುಹೂರ್ತ ನೋಡ್ತಾ ಕೂತ್ಕೊಂಡಿದ್ದೀಯಾ?"

ಅರ್ಷಾಗನಿಗೆ ನಗು ಬರಲಿಲ್ಲ. ಗಿಟಾರಿನ ತಂತಿಯ ಸದ್ದನ್ನು ಒಳಗೆ ಎಳೆದುಕೊಂಡು ಬೇರೊಂದು ದನಿಯಾಗಿ ಹೊರಗೆ ಬಿಡುವ ಈ ಪೆಟ್ಟಿಗೆಗೆ ಮೂವತ್ತೈದು ವರ್ಷ. ನಬೀಹ್ ತನ್ನ ಕಿವಿ ನೆಟ್ಟಗಿದ್ದ ಕಾಲದಲ್ಲಿ ಒಂದೊಂದೇ ಗುಂಡಿ ತಿರುವಿ, ಇಡೀ ಚಳಿಗಾಲ ಕೂತು, ಅದರೊಳಗೆ ಹದಿನೇಳನೇ ನಂಬರಿನಲ್ಲಿ ಒಂದು ದನಿ ಕೂಡಿಟ್ಟಿದ್ದ. ಜೋಡಿ ಕೊಳಲು ಗದ್ಗದಿಸಿದಂಥ ದನಿ. ಅದಿಲ್ಲದೆ ಬೆಟ್ಟದ ಊರುಗಳ ಮದುವೆಯಲ್ಲಿ ದಬ್ಕೆ ಕುಣಿತಕ್ಕೆ ಕಾಲು ಏಳುತ್ತಿರಲಿಲ್ಲ. ಬರುವ ಭಾನುವಾರವೂ ಒಂದು ಮದುವೆ ಇತ್ತು, ಅದೇ ದನಿ ಬೇಕೆಂದು ಕರೆದಿದ್ದರು. ಅಳಿಸಿಹೋದರೆ ಮತ್ತೆ ಕಟ್ಟಲು ನಬೀಹನಿಗೆ ಈಗ ಕಿವಿ ಎಲ್ಲಿದೆ?

ಬ್ಯಾಟರಿ ಸೋರಿ ಹಸಿರು ಕಿಲುಬು ಹಬ್ಬಿ, ತಾಮ್ರದ ಗೆರೆಗಳನ್ನು ನುಂಗಿಹಾಕಿತ್ತು. ಎರಡು ದಿನ ವಿನಿಗರ್ ಅದ್ದಿದ ಬ್ರಷ್ಷಿನಿಂದ ಉಜ್ಜಿ, ತಿಂದುಹೋದಲ್ಲಿ ಕೂದಲೆಳೆಯಂಥ ತಂತಿ ಬೆಸೆದದ್ದಾಗಿತ್ತು. ಈಗ ಉಳಿದದ್ದು ಐದು ನಿಮಿಷದ ಕೆಲಸ. ಪೆಟ್ಟಿಗೆಗೆ ಕರೆಂಟು ಕೊಟ್ಟಿರುವಾಗಲೇ ಹಳೆಯದನ್ನು ಕಿತ್ತು ಹೊಸದನ್ನು ಬೆಸೆಯಬೇಕು. ಆ ನಡುವೆ ಕರೆಂಟು ಒಂದು ಕ್ಷಣವೂ ತಪ್ಪಬಾರದು.

ಕರೆಂಟು ತಪ್ಪಿದರೂ ನೆನಪು ಉಳಿಯಲೆಂದು ಕಚ್ಚಿಸುವ ಮೂರು ಸೆಲ್ಲಿನ ಡಬ್ಬಿಯೊಂದು ಖಾನೆಯಲ್ಲಿತ್ತು. ಅದರ ಕ್ಲಿಪ್ಪು ಕಚ್ಚಿಸಲು ಹೋದಾಗ ಬೆರಳು ನಡುಗಿತು. ಕಳೆದ ವರ್ಷದಿಂದ ಹೀಗೆ, ಯಾರಿಗೂ ಹೇಳಿರಲಿಲ್ಲ. ಜಾರಿ ಪಕ್ಕದ ಗೆರೆಗೆ ತಾಗಿದರೆ ಎಲ್ಲಾ ಸುಟ್ಟೀತೆಂದು ಹೆದರಿ ಡಬ್ಬಿಯನ್ನು ಖಾನೆಗೇ ತಳ್ಳಿದ. ಅದರ ಬದಲು ಗಲ್ಲಿಗೆ ಜನರೇಟರಿನ ಕರೆಂಟು ಮಾರುವ ಸಾರ್ಕಿಸ್‌ಗೆ ಫೋನು ಮಾಡಿದ.

"ಸಾರ್ಕಿಸ್, ಅರ್ಧ ಗಂಟೆ ಮಿಷನ್ನಿಗೆ ಕೈ ಹಚ್ಬೇಡಪ್ಪ."

"ಆರು ಗಂಟೆವರೆಗೂ ಓಡುತ್ತೆ ಉಸ್ತಾ, ಆರಾಮಾಗಿರಿ. ಸರ್ಕಾರದ ಕರೆಂಟು ಬಂದ್ರೆ ಮಾತ್ರ ಸ್ವಿಚ್ಚು ತಾನಾಗೇ ಆ ಕಡೆ ತಿರುಗುತ್ತೆ, ಒಂದು ಕ್ಷಣ ಎಲ್ಲಾ ಆರುತ್ತೆ, ಅದಕ್ಕೆ ನಾನು ಜವಾಬ್ದಾರನಲ್ಲ."

"ಸರ್ಕಾರದ ಕರೆಂಟು!" ಎಂದ ಅರ್ಷಾಗ್. ಇಬ್ಬರೂ ನಕ್ಕರು. ಅದು ಮುಖ ತೋರಿಸಿ ನಾಲ್ಕು ದಿನವಾಗಿತ್ತು.

ಕಾವೇರಿದ ಬೆಸುಗೆ ಕಡ್ಡಿ ಕೈಗೆ ಬಂತು. ಹಳೆಯ ಬ್ಯಾಟರಿಯ ಒಂದು ಕಾಲು ಬಿಟ್ಟಿತು, ಇನ್ನೊಂದೂ ಬಿಟ್ಟಿತು. ಪೆಟ್ಟಿಗೆಯ ಮೇಲೆ ಕೆಂಪು ಅಂಕಿಯಲ್ಲಿ 17 ಸ್ಥಿರವಾಗಿ ಉರಿಯುತ್ತಿತ್ತು. ಹೊಸದನ್ನು ಚಿಮಟದಲ್ಲಿ ಹಿಡಿದು ರಂಧ್ರಕ್ಕೆ ತಂದ. ಬೆವರಿಳಿದು ಕಣ್ಣು ಉರಿಯಿತು, ಕೈ ಮತ್ತೆ ನಡುಗಿತು, ಒಂದು ಕಾಲು ತೂರಿತು.

ಆಗ ಗಲ್ಲಿಯ ಆ ತುದಿಯಿಂದ ಮಕ್ಕಳ ಕೂಗು ಎದ್ದಿತು. "ಬಂತು! ಕರೆಂಟು ಬಂತು!"

"ಬೇಡ," ಎಂದ ಅರ್ಷಾಗ್. ಗೋಡೆಯ ಸ್ವಿಚ್ಚು ಟಕ್ಕೆಂದಿತು. ದೀಪ, ಫ್ಯಾನು, ಕೆಂಪು ಅಂಕಿ, ಎಲ್ಲವೂ ಆರಿದವು. ಎರಡು ಸೆಕೆಂಡು. ಮತ್ತೆ ಎಲ್ಲವೂ ಹತ್ತಿಕೊಂಡವು. ಮೇಲಿನ ಮನೆಗಳಲ್ಲಿ ಬಟ್ಟೆ ಒಗೆಯುವ ಯಂತ್ರಗಳು ಒಂದರ ಹಿಂದೊಂದು ಗುರುಗುಟ್ಟಿದವು. ಪೆಟ್ಟಿಗೆಯಲ್ಲಿ 01 ಮಿನುಗುತ್ತಿತ್ತು.

ನೆನಪು ಅಳಿಸಿಹೋಗಿತ್ತು. ಆದರೂ ಕೆಲಸಕ್ಕೆ ಬಿದ್ದ ಕೈ ಎರಡನೇ ಕಾಲನ್ನೂ ತೂರಿಸಿ ಬೆಸೆದು ಮುಗಿಸಿತು. ಗುಂಡಿ ಒತ್ತಿ ಹದಿನೇಳಕ್ಕೆ ತಂದಿಟ್ಟ.

"ಆಯ್ತಾ?" ನಬೀಹ್ ಗಿಟಾರಿನ ವಯರನ್ನು ಪೆಟ್ಟಿಗೆಗೆ ಸಿಕ್ಕಿಸಿ ನುಡಿಸಿದ.

ಸ್ಪೀಕರಿನಿಂದ ಬಂದದ್ದು ಕಾರ್ಖಾನೆಯವರು ತುಂಬಿ ಕಳಿಸಿದ್ದ, ಯಾರದ್ದೂ ಅಲ್ಲದ ತೆಳ್ಳನೆಯ ದನಿ. ನಬೀಹ್ ಕಣ್ಣು ಮುಚ್ಚಿ ತಲೆದೂಗುತ್ತಿದ್ದ. "ಅದೇ! ಅದೇ ಅಲ್ವೇನೋ, ಅರ್ಷಾಗ್? ನನ್ನ ಮಗೂನ ಉಳಿಸಿಕೊಟ್ಟೆಯಲ್ಲೋ!"

ಒಂದು ಸಲ ಹೂಂ ಅಂದರೆ ಸಾಕಿತ್ತು. ಅರ್ಷಾಗನ ತಲೆ ಹೂಂ ಅನ್ನಲು ಅರ್ಧ ಬಾಗಿಯೂ ಬಿಟ್ಟಿತ್ತು. ಭಾನುವಾರ ಕುಣಿಯಲು ನಿಂತವರು ಮುಖ ಮುಖ ನೋಡಿಕೊಳ್ಳುವುದೂ, ಇವನು ಕಣ್ಣು ಮುಚ್ಚಿ ಹೀಗೇ ನಗುತ್ತ ನುಡಿಸುವುದೂ ಕಣ್ಣಿಗೆ ಕಟ್ಟಿತು. ಅದು ಎಲ್ಲಕ್ಕಿಂತ ದೊಡ್ಡ ಭಯವಾಯಿತು.

ಎದ್ದು ಹೋಗಿ ಅವನ ಎಡಗಿವಿಗೆ ಬಾಯಿ ಇಟ್ಟ. "ಅದಲ್ಲ ನಬೀಹ್. ಹೋಯ್ತು. ಸೆಲ್ಲಿನ ಡಬ್ಬಿ ಕಚ್ಚಿಸ್ಬೇಕಿತ್ತು, ಕೈ ನಡುಗ್ತಿತ್ತು, ಹೆದರ್ಕೊಂಡೆ. ಎಲ್ಲಾ ಅಳಿಸಿಹೋಯ್ತು."

ಬೆರಳುಗಳು ತಂತಿಯ ಮೇಲೇ ನಿಂತವು. ನಬೀಹ್ ಪೆಟ್ಟಿಗೆಯನ್ನೇ ನೋಡಿದ. ಆಮೇಲೆ, ಮೂರು ವರ್ಷದಲ್ಲಿ ಮೊದಲ ಸಲ, ಅವನ ದನಿ ಸಣ್ಣದಾಗಿ ಬಂತು. "ನನಗೆ ಗೊತ್ತೇ ಆಗಲಿಲ್ಲ ಕಣೋ."

ಅರ್ಷಾಗ್ ಮೂಗೊರೆಸಿಕೊಂಡ. "ನನ್ನ ಮಗಳ ಮದುವೇಲಿ ನುಡಿಸಿದ್ದೆಯಲ್ಲ, ಅದನ್ನೇ ನುಡಿಸು. ಗುಂಡಿ ನಾನು ತಿರುವ್ತೀನಿ."

"ನಿಂಗೆ ನೆನಪಿದೆಯಾ ಆ ದನಿ?"

"ಇದೆ," ಎಂದ. ಇದೆಯೋ ಇಲ್ಲವೋ ಅವನಿಗೇ ತಿಳಿಯದು.

"ಸುಳ್ಳು ಹೇಳಿದ್ರೆ ಕುತ್ತಿಗೆ ಹಿಸುಕ್ತೀನಿ," ಎಂದ ನಬೀಹ್. ಸ್ಟೂಲನ್ನು ಎಳೆದು, ಎಡಗೆನ್ನೆಯನ್ನು ಸ್ಪೀಕರಿನ ಬಟ್ಟೆಗೆ ಒತ್ತಿ ಕೂತು ನುಡಿಸತೊಡಗಿದ. ಅರ್ಷಾಗ್ ಮೊದಲನೇ ಗುಂಡಿಯನ್ನು ಹಿಡಿದು ಒಂದು ಎಳ್ಳಷ್ಟು ತಿರುವಿದ. ಕೈ ನಡುಗಿ ಗುಂಡಿ ಮುಂದಕ್ಕೆ ಹೋಯಿತು. ಹಿಂದಕ್ಕೆ ತಂದು, ಇನ್ನೊಂದು ಕೈಯಿಂದ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡು, ಮತ್ತೆ ತಿರುವಿದ.